ಕುದುರೆ ಅಂಬಾ ಎಂದ ಎರಡು ತಿಂಗಳು

ಬೆಳಗಿನ ಐದೂ ಮುಕ್ಕಾಲು. ಕಾರ್ಖಾನೆಯ ಗೇಟಿಗೆ ಅಂಟಿಕೊಂಡಿರುವ ಶಿಶುಮಂದಿರದಲ್ಲಿ ಒಂದೇ ಟ್ಯೂಬ್‌ಲೈಟು ಉರಿಯುತ್ತಿದೆ. ಚಾಪೆಯ ಮೇಲೆ ಕುಳಿತ ಐವತ್ತೆಂಟರ ಆಯಾ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಏಳು ಪುಸ್ತಕಗಳನ್ನು ಒಂದೊಂದಾಗಿ ಒರೆಸುತ್ತಿದ್ದಾರೆ. ನಿನ್ನೆಯ ಜೊಲ್ಲು ಇವತ್ತಿಗೆ ಉಳಿಯಬಾರದು ಎಂಬುದು ಅವರ ಕಾನೂನು. ರಟ್ಟಿನಷ್ಟು ದಪ್ಪ ಹಾಳೆಗಳ ಈ ಪುಸ್ತಕಗಳ ತುಂಬ ಪ್ರಾಣಿಗಳೇ. ಮೊಲಕ್ಕೆ ಒಂದು ಕಿವಿಯಿಲ್ಲ. ಹುಲಿಯ ಬಾಲವನ್ನು ಹೋದ ವರ್ಷ ಹತ್ತು ತಿಂಗಳ ಕೂಸೊಂದು ಜಗಿದು ನುಂಗಿದೆ.

"ಹುಲಿ ಮನುಷ್ಯರನ್ನ ತಿನ್ನುತ್ತೆ ಅಂತಾರಲ್ಲ, ಇಲ್ಲಿ ಎಲ್ಲಾ ಉಲ್ಟಾ" ಎನ್ನುತ್ತಾರೆ ಅವರು, ತಲೆ ಎತ್ತದೆ.

ಆರಕ್ಕೆ ಮೊದಲ ಪಾಳಿ. ಮಾತ್ರೆಗಳನ್ನು ಡಬ್ಬಿಗೆ ತುಂಬುವ ತಾಯಂದಿರು ಇಪ್ಪತ್ತಮೂರು ಮಕ್ಕಳನ್ನು ಹೊತ್ತು, ಎಳೆದು, ರಮಿಸಿ ತರುತ್ತಾರೆ. ಅವರಲ್ಲಿ ಒಂಬತ್ತು ಮಕ್ಕಳಿಗೆ ಇನ್ನೂ ವರ್ಷ ತುಂಬಿಲ್ಲ. ಬಾಗಿಲಲ್ಲಿ ದಿನವೂ ಅದೇ ರಂಪ. ಅಮ್ಮನ ಸೆರಗು ಹಿಡಿದ ಮುಷ್ಟಿ ಬಿಡಿಸಲು ಜಟ್ಟಿಯೇ ಬರಬೇಕು. ಆಗ ಆಯಾ ಮೊದಲ ಪುಸ್ತಕ ಎತ್ತಿ "ಬೌ ಬೌ" ಎನ್ನುತ್ತಾರೆ. ಒಂದು ಅಳು ನಿಲ್ಲುತ್ತದೆ, ಒಂದು ಕತ್ತು ತಿರುಗುತ್ತದೆ, ಮುಷ್ಟಿ ತಾನಾಗಿ ಸಡಿಲವಾಗುತ್ತದೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನವಿರಾಗಿ ತಾಯಿ ಹೊರಗೆ ಜಾರಿರುತ್ತಾಳೆ. ಮಕ್ಕಳ ಬಾಯಲ್ಲಿ ಇವರು ಬೌಬೌ ಅಮ್ಮ. ಈಗ ಗೇಟಿನ ಕಾವಲುಗಾರನೂ ಹಾಗೇ ಕರೆಯುತ್ತಾನೆ.

ಓದಿಸುವುದು ಅವರ ಕೆಲಸವೇ ಅಲ್ಲ. ಬಣ್ಣ ಬಳಿಯುವ ಗಂಡ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ, ಇಲ್ಲಿ ಕಸ ಗುಡಿಸಲು ಸೇರಿದವರು. ಟೀಚರ್ ಬರುವುದು ಒಂಬತ್ತಕ್ಕೆ. ಅಲ್ಲಿಯವರೆಗೆ ಅಳುವ ಇಪ್ಪತ್ತಮೂರು ಬಾಯಿಗಳು, ಸಮಾಧಾನ ಮಾಡಲು ಇಬ್ಬರು ಆಯಾಗಳು. ಪುಸ್ತಕಗಳೇನೋ ಇದ್ದವು, ಹಾಳಾಗುತ್ತವೆಂದು ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದರು. "ಮಕ್ಕಳ ಪುಸ್ತಕ ಮಕ್ಕಳ ಕೈಗೆ ಸಿಗದೆ ಇನ್ಯಾರ ಕೈಗೆ ಸಿಗಬೇಕು? ಬೀಗದ ಕೈ ಕೊಡಿ ಅಂದೆ. ಅಷ್ಟೇ ನಾನು ಮಾಡಿದ್ದು." ಹನ್ನೆರಡು ವರ್ಷವಾಯಿತು. ಮಕ್ಕಳು ಕಿತ್ತದ್ದನ್ನು ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ದಬ್ಬಳ, ದಪ್ಪ ದಾರ ಹಿಡಿದು ಹೊಲಿಯುವುದೂ ಅವರ ಪಾಲಿಗೇ ಬಂದಿದೆ.

ಅವರು ಓದಿಸುವ ಕ್ರಮ ನೋಡಬೇಕು. ಪುಸ್ತಕದ ಮುಖ ಮಕ್ಕಳ ಕಡೆಗೆ, ಬೆನ್ನು ತಮ್ಮ ಕಡೆಗೆ. ಹಾಳೆಯನ್ನು ಅವರು ನೋಡುವುದೇ ಇಲ್ಲ. ಯಾವ ತಿರುವಿಗೆ ಯಾವ ಪ್ರಾಣಿ ಎಂಬುದು ಬಾಯಿಪಾಠ, ಬೆರಳು ಮೇಲಿನಿಂದ ಬಾಗಿ ಸರಿಯಾದ ಜಾಗಕ್ಕೇ ಹೋಗುತ್ತದೆ. ಕಣ್ಣು ಮಾತ್ರ ಮಕ್ಕಳ ಮೇಲೆ. "ಚಿತ್ರ ನೋಡ್ತಾ ಕೂತರೆ ಯಾವ ಮಗು ಬಿಕ್ಕಳಿಸ್ತಿದೆ, ಯಾವುದು ಒದ್ದೆ ಮಾಡ್ಕೊಂಡಿದೆ ಅಂತ ಹೇಗೆ ಗೊತ್ತಾಗುತ್ತೆ?"

ಎಡವಿದ್ದು ಇಲ್ಲೇ. ಈ ವರ್ಷದ ಆರಂಭದಲ್ಲಿ ಸಾಕುಪ್ರಾಣಿಗಳ ಪುಸ್ತಕ ಕಿತ್ತು ಬಿಡಿ ಹಾಳೆಗಳಾಗಿತ್ತು. ನಾಲ್ಕೂ ಅಂಚನ್ನು ಮಕ್ಕಳು ಸಮನಾಗಿ ಕಡಿದಿದ್ದರಿಂದ ಹೊಲಿಯುವ ಕಡೆ ಯಾವುದೋ, ತಿರುವುವ ಕಡೆ ಯಾವುದೋ ತಿಳಿಯುತ್ತಿರಲಿಲ್ಲ. ಹೊಲಿಗೆಯ ನಡುವೆ ತೊಟ್ಟಿಲಿನ ಕೂಸು ಅತ್ತಿತು, ಆಯಾ ಎದ್ದು ಹೋದರು. ಬಂದು ಕುಳಿತವರು ಒಂದು ಹಾಳೆಯನ್ನು ಹಿಂದುಮುಂದಾಗಿ ಹೊಲಿದರು. ಆ ಹಾಳೆಯ ಮುಂದೆ ಇರಬೇಕಾದದ್ದು ಹಸು, ಹಿಂದೆ ಕುದುರೆ.

ಮರುದಿನದಿಂದ ಅವರು ಕುದುರೆಯನ್ನು ತೋರಿಸಿ "ಅಂಬಾ" ಎಂದರು, ಹಸುವನ್ನು ತೋರಿಸಿ ಕೆನೆದರು. ಒಂದು ದಿನವಲ್ಲ, ಎರಡು ತಿಂಗಳು. ನಾಲ್ಕು ವರ್ಷದ ಮಕ್ಕಳು ಆ ಪುಟ ಬಂದಾಗಲೆಲ್ಲ ಬಿದ್ದು ಬಿದ್ದು ನಗುತ್ತಿದ್ದವು. "ನನ್ನ ಕೆನೆತ ಈಚೆಗೆ ಚೆನ್ನಾಗಿ ಕುದುರಿದೆ ಅಂದ್ಕೊಂಡಿದ್ದೆ. ಇನ್ನೂ ಜೋರಾಗಿ ಕೆನೆದೆ!" ಚಿಕ್ಕವು ನಗಲಿಲ್ಲ, ನಂಬಿದವು.

ಗುಟ್ಟು ರಟ್ಟಾದದ್ದು ಊರಿನ ಮೈದಾನದಲ್ಲಿ. ಒಂದೂವರೆ ವರ್ಷದ ಹುಡುಗಿಯೊಬ್ಬಳು ಪೊಲೀಸ್ ಕುದುರೆಯನ್ನು ಕಂಡು, ತಾಯಿಯ ಅತ್ತೆ, ನಾದಿನಿ ಎಲ್ಲರೆದುರು ಗಂಟಲು ಹರಿಯುವಂತೆ "ಅಂಬಾ!" ಎಂದಳು. ಸವಾರನೇ ನಕ್ಕನಂತೆ. ಮರುದಿನ ಆಕೆಯ ತಾಯಿ ಶಿಶುಮಂದಿರದ ಮೇಲ್ವಿಚಾರಕಿಯ ಮೇಜಿನ ಮುಂದೆ ನಿಂತಿದ್ದಳು: "ಇದೇನಾ ನೀವು ಕಲಿಸೋದು?"

ಪುಸ್ತಕ ತೆರೆದು ನೋಡಿದ ಮೇಲ್ವಿಚಾರಕಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. "ಓದಿಸೋಕೆ ಟೀಚರ್ ಇದ್ದಾರೆ. ನೀವು ಬಾಟಲಿ ತೊಳೀರಿ, ಸಾಕು" ಎಂದು ಕಪಾಟಿಗೆ ಬೀಗ ಹಾಕಿದರು. ನೆಗಡಿ ಬಂತೆಂದು ಮೂಗು ಕೊಯ್ದಂತಾಯಿತು. ಆಯಾ ಬಾಟಲಿಗಳ ಬಕೆಟ್ಟು ಎತ್ತಿಕೊಂಡರು. "ಬಾಟಲಿ ತೊಳೀತಾ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಏನೂ ತಿಳೀದ ಕೂಸಿಗೆ ತಪ್ಪು ಹೇಳಿಕೊಟ್ಟೆನಲ್ಲ ಅಂತ. ಇನ್ನು ಆ ಮುಖಗಳು ನನ್ನ ಕಡೆ ತಿರುಗಲ್ಲವಲ್ಲ ಅಂತಾನೂ." ಮನೆಯಲ್ಲಿ ಗಂಡ ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಂಡು, "ನಾನು ಬಿದ್ದಾಗ ಸೊಂಟ ಹೋಯ್ತು. ನಿನಗೆ ಇದು ಹೋಯ್ತು" ಎಂದಷ್ಟೇ ಹೇಳಿದರಂತೆ.

ಆದರೆ ಬಾಗಿಲಿನ ರಂಪಕ್ಕೆ ಬೀಗ ಹಾಕಲು ಯಾರಿಂದಲೂ ಆಗಲಿಲ್ಲ. ಮೊದಲ ದಿನ ನಾಲ್ವರು ತಾಯಂದಿರು ಪಾಳಿಗೆ ತಡ, ಮೂರನೆಯ ದಿನ ಹನ್ನೊಂದು ಮಂದಿ. ಆರನೆಯ ಬೆಳಿಗ್ಗೆ, ದೂರು ಕೊಟ್ಟ ತಾಯಿಯ ಕುತ್ತಿಗೆಗೇ ಮಗಳು ಜೋತುಬಿದ್ದಿದ್ದಳು. ಗಡಿಯಾರ ಆರೂ ಹತ್ತು ತೋರಿಸುತ್ತಿತ್ತು. ಆಕೆ ಮೇಲ್ವಿಚಾರಕಿಗೆ ಹೇಳಿದ ಮಾತನ್ನು ಶಿಶುಮಂದಿರ ಈಗಲೂ ನೆನೆದು ನಗುತ್ತದೆ: "ಮೇಡಂ, ಕುದುರೆ ಅಂಬಾ ಅಂದರೂ ಪರವಾಗಿಲ್ಲ. ಇವರನ್ನ ಓದೋಕೆ ಬಿಡಿ."

ಕಪಾಟು ತೆರೆಯಿತು. ಹೊಲಿಗೆ ಬಿಚ್ಚಿ ಹಾಳೆ ಸರಿಮಾಡಿದ ಆಯಾ ಇನ್ನೊಂದು ಕೆಲಸವನ್ನೂ ಮಾಡಿದರು. ತಾಯಂದಿರು ತಲೆ ಬಾಚುವ ಕೋಣೆಯಲ್ಲಿ ಮೂಲೆ ಒಡೆದ ಕನ್ನಡಿಯೊಂದಿತ್ತು. ಕೇಳಿ ತಂದು ತಮ್ಮ ಎದುರಿನ ಗೋಡೆಗೆ, ಮಕ್ಕಳ ಬೆನ್ನ ಹಿಂದೆ, ತೂಗುಹಾಕಿದರು. ಈಗ ಕಣ್ಣು ಮಕ್ಕಳ ಮೇಲಿದ್ದರೂ, ತುಸು ಎತ್ತಿದರೆ ಪುಟ ಕಾಣುತ್ತದೆ. "ಹನ್ನೆರಡು ವರ್ಷದಲ್ಲಿ ಮೊದಲ ಸಲ ಮಕ್ಕಳ ಜೊತೆ ನಾನೂ ಚಿತ್ರ ನೋಡ್ತಿದೀನಿ. ನನ್ನ ಮುಖಾನೂ ಕಂಡಿತು. ಕೆನೆಯೋವಾಗ ಇಷ್ಟು ವಿಕಾರವಾಗಿ ಕಾಣ್ತೀನಿ ಅಂತ ಯಾರೂ ಹೇಳಿರಲಿಲ್ಲ."

ತಿದ್ದುವುದು ಸುಲಭವಾಗಿರಲಿಲ್ಲ. ಮೊದಲ ದಿನ ಕುದುರೆಯ ಪುಟ ತೋರಿಸಿ ಕೆನೆದರೆ, ಮೈದಾನದಲ್ಲಿ ಕೂಗಿದ ಅದೇ ಹುಡುಗಿ ಎದ್ದು ಬಂದು, ತಲೆಯಾಡಿಸಿ, ಚಿತ್ರದ ಮೇಲೆ ಅಂಗೈ ಬಡಿದು "ಅಂಬಾ" ಎಂದಳು. ಬೌಬೌ ಅಮ್ಮ ಕಿವಿ ಹಿಡಿದುಕೊಂಡರು. "ತಪ್ಪಾಯ್ತು ಕಣಮ್ಮ, ನಾನೇ ತಪ್ಪು ಹೇಳಿದ್ದೆ." ಹುಡುಗಿ ಒಪ್ಪಲು ಹನ್ನೊಂದು ದಿನ ಹಿಡಿಯಿತು. ನಾಲ್ಕು ವರ್ಷದವನೊಬ್ಬನನ್ನು ನಿನಗೆ ಮೊದಲೇ ಗೊತ್ತಿತ್ತೇನೋ ಎಂದು ಕೇಳಿದರೆ, "ಗೊತ್ತಿತ್ತು. ಚೆನ್ನಾಗಿತ್ತು" ಎಂದನಂತೆ.

ಐದು ವರ್ಷಕ್ಕೆ ಮಕ್ಕಳು ಇಲ್ಲಿಂದ ಶಾಲೆಗೆ ಹೋಗುತ್ತಾರೆ. ಆಮೇಲೆ ಗೇಟಿನ ಬಳಿ ಎದುರಾದರೂ ಗುರುತು ಹಿಡಿಯುವುದಿಲ್ಲ, ಅಮ್ಮಂದಿರ ಹಿಂದೆ ಸರಿದು ನಿಲ್ಲುತ್ತಾರೆ. ಬೇಸರವಾಗುತ್ತದೆ ಎಂದು ಅವರು ಮುಚ್ಚಿಡದೆ ಹೇಳುತ್ತಾರೆ. ಹೊಸ ಪುಸ್ತಕ ಬೇಕೇ ಎಂದರೆ, ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ದಾರವಿದೆ ಎನ್ನುತ್ತಾರೆ. ಮತ್ತೇನಾದರೂ ಆಸೆ? ಒರೆಸಿದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ.

"ಅಷ್ಟು ಚಿಕ್ಕವರಿದ್ದಾಗಿನದು ಯಾರಿಗೂ ನೆನಪಿರಲ್ಲ. ಇರಬೇಕಾಗೂ ಇಲ್ಲ ಬಿಡಿ. ಆದರೆ ಆ ಎರಡು ತಿಂಗಳು ಕೇಳಿದ ಮಕ್ಕಳಲ್ಲಿ ಒಬ್ಬರು ದೊಡ್ಡವರಾದ ಮೇಲೆ, ಎಲ್ಲೋ ಒಂದು ಕುದುರೆ ಕಂಡು, ಸುಮ್ಮನೆ ಬಾಯಿಗೆ 'ಅಂಬಾ' ಅಂತ ಬಂದುಬಿಟ್ಟರೆ? ಯಾಕೆ ಬಂತು ಅಂತ ಗೊತ್ತಾಗದೆ ತಾವೇ ನಕ್ಕರೆ? ಸಾಕು. ಅದು ನಾನೇ."