ಹತ್ತಿಕಟ್ಟಿಗೆಯ ಇದ್ದಿಲು

ಮೊಮ್ಮಕ್ಕಳೇ, ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ವರ್ಷ ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲದ ಕಟ್ಟಿಗೆಯನ್ನು ಸುಟ್ಟು ಬೂದಿ ಮಾಡದೆ ಇದ್ದಿಲು ಮಾಡಿದೆವು. ಹೇಳಿಕೊಡಲು ಧಾರವಾಡದಿಂದ ಬೇಸಾಯ ಕಲಿಸುವ ಒಬ್ಬ ಅಕ್ಕೋರು ಬಂದಿದ್ದರು. ಕಟ್ಟಿಗೆಯನ್ನು ಡ್ರಮ್ಮಿಗೆ ತುಂಬಿ ಹೊತ್ತಿಸಬೇಕು, ಹೊಗೆ ತೆಳುವಾದಾಗ ಮುಚ್ಚಳ ಹಾಕಿ ಗಾಳಿಯಾಡದಂತೆ ಮಣ್ಣು ಮೆತ್ತಬೇಕು. ಆಗ ಮೈತುಂಬ ಸಣ್ಣ ತೂತುಗಳಿರುವ ಇದ್ದಿಲಾಗುತ್ತದೆ. ಗೊಬ್ಬರದಲ್ಲಿ ಕಲಸಿ ಹೊಲಕ್ಕೆ ಹಾಕಿದರೆ ಆ ತೂತುಗಳಲ್ಲಿ ಹಸಿ ನಿಲ್ಲುತ್ತದೆ ಎಂದರು.

"ಹೊರಗ ತಗದ ಮ್ಯಾಲೆ ನೀರು ಹೊಡೀರಿ, ಒಂದ ದಿನಾ ಬಯಲಾಗ ಹರವ್ರಿ. ಒಳಗ ಕೆಂಡ ಉಳದಿರ್ತೈತಿ, ಕಣ್ಣಿಗೆ ಕಾಣಂಗಿಲ್ಲ" ಎಂದೂ ಹೇಳಿದ್ದರು.

ನೀರು ಹೊಡೆಯುವ ಕೆಲಸ ನನ್ನದು. ನಾನು ಹೊಡೆಯಲಿಲ್ಲ. ಕೆಂಡಕ್ಕೆ ನೀರು ಸುರಿದರೆ ಮನೆಗೆ ಕೇಡು ಎಂದು ನಮ್ಮತ್ತೆ ಕಲಿಸಿದ್ದರು. ಒಲೆಯ ಕೆಂಡವನ್ನೂ ನಾನು ಬೂದಿ ಮುಚ್ಚಿಯೇ ಆರಿಸುತ್ತಿದ್ದೆ. ಇಲ್ಲಿಯೂ ಬೂದಿ ಎರಚಿ, ಮೇಲೆ ಕೈಯಾಡಿಸಿ, ತಣ್ಣಗಿದೆ ಎಂದುಕೊಂಡು ಐದು ಗೋಣಿಚೀಲ ತುಂಬಿದೆ.

ಮಧ್ಯಾಹ್ನ ಮೋಡ ಕವಿಯಿತು. ನಿಮ್ಮಜ್ಜ ಬಂದು, "ನೀರ ಹೊಡದಿಯಲ್ಲ?" ಎಂದರು.

"ಹೊಡದೇನ್ರಿ."

"ಶಾಣ್ಯಾಕಿ ಆದಿ ನೋಡು. ಇನ್ನ ಅಕ್ಕೋರಿಗೆ ನೀನ ಸಾಲಿ ಕಲಸಾಕಿ."

ನಗುತ್ತಲೇ ಚೀಲಗಳನ್ನು ಹೊತ್ತು ಅಡುಗೆಮನೆಯ ಬಾಜು ಖೋಲಿಯಲ್ಲಿ ಇಟ್ಟರು. ಮಳೆ ಹೊಡೆಯಿತು. ಎರಚಲು ಒಳಗೆ ಬರುತ್ತದೆಂದು ಬಾಗಿಲು, ಕಿಟಕಿ ಮುಚ್ಚಿಕೊಂಡು ಅಲ್ಲೇ ಅಡ್ಡಾದರು. "ರೊಟ್ಟಿ ಆದ ಮ್ಯಾಲೆ ಎಬ್ಬಸು" ಎಂದರು.

ರೊಟ್ಟಿ ಮುಗಿಸಿ ಕರೆದೆ. ಮತ್ತೊಮ್ಮೆ ಕರೆದೆ. ಬಾಗಿಲು ತಳ್ಳಿದೆ. ಹೊಗೆಯಿರಲಿಲ್ಲ, ವಾಸನೆಯೂ ಇರಲಿಲ್ಲ. ಹೆಗಲು ಹಿಡಿದು ಅಲುಗಿಸಿದೆ, ಕೂಗಿದೆ. ಏಳುವಾಗ ಆಸರೆಗೆಂದು ಚೀಲದ ಮೇಲೆ ಕೈಯಿಟ್ಟೆ. ಅಂಗೈ ಸುಟ್ಟಿತು.

ಮುಚ್ಚಿದ ಖೋಲಿಯಲ್ಲಿ ಕೆಂಡದ ವಿಷಗಾಳಿ ತುಂಬಿತ್ತು ಎಂದು ಡಾಕ್ಟರು ಹೇಳಿದರು.

ನಿಮ್ಮಜ್ಜನನ್ನು ಮಣ್ಣು ಮಾಡುವ ದಿನ ಅಕ್ಕೋರೂ ಬಂದಿದ್ದರು. ನನ್ನ ಮೈದುನ ಎಲ್ಲರೆದುರು ಅವರತ್ತ ಕೈ ತೋರಿಸಿ, "ಈಕಿ ಮಾತ ಕೇಳಿ ನಮ್ಮಣ್ಣನ್ನ ಕಳಕೊಂಡ್ವಿ. ಸುಡ್ಲಿ ನಿನ್ನ ಇದ್ದಲಿ!" ಎಂದು ಕೂಗಾಡಿದ. ಅಕ್ಕೋರು ನನ್ನ ಮುಂದೆ ಕೂತು ಕೈ ಹಿಡಿದುಕೊಂಡರು.

"ಅವ್ವಾರ, ನೀರ ಹೊಡೀರಿ ಅಂತ ನಾ ಹೇಳಿದ್ನಲ್ಲರಿ? ಇವರಿಗೆ ಒಂದ ಮಾತ ಹೇಳ್ರಿ."

ಅಷ್ಟು ಜನರ ನಡುವೆ ನಾನು ತಲೆ ಎತ್ತಲಿಲ್ಲ, ಮಾತೂ ಆಡಲಿಲ್ಲ. ಅವರು ಕಣ್ಣೊರೆಸಿಕೊಂಡು ಎದ್ದು ಹೋದರು. ಮತ್ತೆ ನಮ್ಮೂರಿಗೆ ಬರಲಿಲ್ಲ.

ತಪ್ಪು ಅವರದೆಂದೇ ನಿಮ್ಮಪ್ಪ ಇಂದಿಗೂ ನಂಬಿದ್ದಾನೆ. ಇದನ್ನು ಮೊದಲು ಅವನಿಗೆ ಓದಿ ಹೇಳಿರಿ. ಓದುವಾಗ ನನ್ನನ್ನು ಒಳಗೆ ಕರೆಯಬೇಡಿರಿ.