ಪೆನ್ನಿನ ಬರಣಿಯೊಳಗಿನ ಮಾನ್ವಿ ಅಕ್ಕಿ

ರಾಯಚೂರಿನಲ್ಲಿ ಕಿಟಕಿಗೆ ಬಿಳಿ ಪರದೆ ಕಟ್ಟಿದವರನ್ನು ನೀವು ನೋಡಿದ್ದೀರಾ?

ನೋಡಿಲ್ಲದಿದ್ದರೆ ನಮ್ಮ ಮನೆಗೆ ಬನ್ನಿ. ಆದರೆ ಬೇಗ ಬನ್ನಿ. ಕಟ್ಟಿದ ದಿನ ಅದು ಹಾಲಿನಂತಿತ್ತು. ವಾರ ಕಳೆಯುವಷ್ಟರಲ್ಲಿ ಚಹಾದಂತಾಯಿತು. ಈಗ ಅದರ ಬಣ್ಣಕ್ಕೆ ಹೆಸರಿಡುವುದೇ ಕಷ್ಟ. ನಮ್ಮವರು (ಅಂದರೆ ನನ್ನ ಯಜಮಾನರು, ಹಳೆಯ ಓದುಗರಿಗೆ ಗೊತ್ತಿರುವವರೇ) ಅದರ ತುದಿ ಹಿಡಿದು ನೋಡಿ, ಒಗೆಯಬೇಡ, ಇನ್ನೊಂದು ವಾರ ಬಿಟ್ಟರೆ ಗೋಡೆಗೆ ಮ್ಯಾಚ್ ಆಗುತ್ತದೆ ಎಂದರು. ಅವರು ಕಡಿಮೆ ಮಾತಿನ ಮನುಷ್ಯ. ಆಡಿದರೆ ಇಂಥವನ್ನೇ ಆಡುತ್ತಾರೆ.

ಪರದೆ ರೋಗದ ಒಂದು ಲಕ್ಷಣ ಮಾತ್ರ. ರೋಗ ಹತ್ತಿದ್ದು ಫೋನಿನಿಂದ.

ಈ ಅಂಕಣವನ್ನು ನಾನು ಇಷ್ಟು ದಿನ ಬರೆದದ್ದು ಊಟದ ಟೇಬಲ್ಲಿನ ಮೇಲೆ. ಎಡಗಡೆ ಉಪ್ಪಿನಕಾಯಿ, ಬಲಗಡೆ ಗ್ಯಾಸಿನ ಬುಕ್ಕು, ಎದುರಿಗೆ ಸೀಟಿ ಹೊಡೆಯುವ ಕುಕ್ಕರು. (ಕೆಲವು ವಾರ ಬರಹ ಅವಸರದಲ್ಲಿ ಮುಗಿದಂತೆ ನಿಮಗೆ ಅನಿಸಿದ್ದರೆ ಅದಕ್ಕೆ ಕಾರಣ ಬೇಳೆ.) ನನಗೇನೂ ಬೇಜಾರಿರಲಿಲ್ಲ. ಒಂದು ಮಧ್ಯಾಹ್ನ ಗುರೆಳ್ಳು ಚಟ್ನಿಯ ವಿಡಿಯೋ ಹುಡುಕುತ್ತಿದ್ದೆ. ಅದರ ಕೆಳಗೆ ಒಬ್ಬ ಹುಡುಗಿ ಬಂದು ಕೂತಳು. ಬಿಳಿ ಗೋಡೆ, ಬಿಳಿ ಟೇಬಲ್ಲು, ಒಂದು ಚಹಾದ ಕಪ್ಪು, ಒಂದು ಗಿಡ. ಬೇರೇನೂ ಇಲ್ಲ. ನಿಮ್ಮ ಟೇಬಲ್ ಹೇಗಿದೆಯೋ ನಿಮ್ಮ ಮನಸ್ಸೂ ಹಾಗೇ ಇರುತ್ತದೆ ಎಂದು ಮೆತ್ತಗೆ ಹೇಳಿದಳು.

ನಾನು ನನ್ನ ಟೇಬಲ್ ನೋಡಿಕೊಂಡೆ. ನನ್ನ ಮನಸ್ಸಿನಲ್ಲಿ ಒಂದು ಒಣಮೆಣಸಿನಕಾಯಿ ಬಿದ್ದಿತ್ತು.

ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ಸಿಸ್ಟರ್ ಯಾವ ಗಳಿಗೆಯಲ್ಲಾದರೂ ಬಂದು ಡೆಸ್ಕಿನ ಮುಚ್ಚಳ ಎತ್ತಿ ನೋಡುತ್ತಿದ್ದರು. ಪೆನ್ಸಿಲ್ ಎಡಕ್ಕೆ, ರಬ್ಬರ್ ಬಲಕ್ಕೆ, ನಡುವೆ ಪುಸ್ತಕ. ಆ ಹೆದರಿಕೆ ಈ ವಯಸ್ಸಿಗೂ ಹೋಗಿಲ್ಲ. ಬಿಳಿ ಟೇಬಲ್ಲಿನ ಹುಡುಗಿಯ ದನಿಯಲ್ಲಿ ನನಗೆ ಸಿಸ್ಟರೇ ಕೇಳಿಸಿದರು.

ಫೋನಿಗೆ ನಮ್ಮ ದೌರ್ಬಲ್ಯ ಎಷ್ಟು ಬೇಗ ಗೊತ್ತಾಗುತ್ತದೆ ನೋಡಿ. ಒಂದು ಟೇಬಲ್ ನೋಡಿದ್ದಕ್ಕೆ ಮರುದಿನ ನೂರು ಟೇಬಲ್ ತಂದು ನಿಲ್ಲಿಸಿತು. ಗಿಡ ನೇತುಹಾಕಿದ ಮೂಲೆ, ಪುಸ್ತಕ ಜೋಡಿಸಿದ ಹಲಗೆ, ಡ್ರಾಯರಿನೊಳಗೊಂದು ಸಣ್ಣ ಡ್ರಾಯರು. ನಾನು ಎಲ್ಲಕ್ಕೂ ಹಾರ್ಟ್ ಒತ್ತಿದೆ. ಕೆಲವನ್ನು ತರಿಸಿಯೂ ಬಿಟ್ಟೆ. ಲ್ಯಾವೆಂಡರ್ ವಾಸನೆಯ ಮೇಣದಬತ್ತಿ ನಮ್ಮ ಬೇಸಿಗೆಗೆ ಹಚ್ಚುವ ಮೊದಲೇ ಬಾಗಿ ನಮಸ್ಕಾರ ಮಾಡಿತು. ಬಾಗಿಲಿಲ್ಲದ ಕಪಾಟಿನ ಮೇಲೆ ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಹೂದಾನಿಯಲ್ಲಿ ಇಡಲೆಂದು ಉದ್ದನೆಯ ಒಣಹುಲ್ಲು ತೋರಿಸುತ್ತಿದ್ದರು. ಅದನ್ನು ದುಡ್ಡು ಕೊಟ್ಟು ತರಿಸುವುದಕ್ಕೆ ಮಾತ್ರ ನನಗೆ ಧೈರ್ಯ ಬರಲಿಲ್ಲ. ಮಾನ್ವಿಯಲ್ಲಿ ನಮ್ಮಣ್ಣನಿಗೆ ಫೋನ್ ಮಾಡಿದೆ.

ಅಣ್ಣನದು ಅಲ್ಲಿ ಸಣ್ಣ ಅಕ್ಕಿ ಗಿರಣಿ. ಕಾಲುವೆ ದಂಡೆಯ ಹುಲ್ಲು ಒಂದು ಹಿಡಿ ಕೊಯ್ದು ಕಳಿಸು ಎಂದರೆ, ಯಾಕೆ, ಎಮ್ಮೆ ಕಟ್ಟಿದ್ದೀಯೇನು ಎಂದು ಕೇಳಿದ. ಆದರೂ ಕಳಿಸಿದ. ಅದರೊಳಗಿದ್ದ ಹುಳಗಳನ್ನೂ ಕಳಿಸಿದ.

ಇಷ್ಟಾದರೂ ನನ್ನ ಮೂಲೆ ಸಿದ್ಧವಾಯಿತು. ಪಡಸಾಲೆಯ ಬಾಗಿಲ ಹಿಂದೆ, ಕಿಟಕಿಯ ಬದಿಗೆ. ಅಲ್ಲಿ ಒಂದೇ ಒಂದು ಅಡಚಣೆ. ಗೋಡೆಯ ಮೊಳೆಗೆ ನಮ್ಮವರ ಬಟ್ಟೆಯ ಚೀಲ ಜೋತಾಡುತ್ತಿತ್ತು.

ನಮ್ಮವರು ಗಂಜ್ ಮಾರುಕಟ್ಟೆಯಲ್ಲಿ ಅಕ್ಕಿ ದಲಾಲಿ. ಗಿರಣಿಯವರು ತೋರಿಸಲು ತಂದ ಅಕ್ಕಿಯನ್ನು ಎರಡು ಪಾಕೀಟು ಮಾಡುತ್ತಾರೆ. ಒಂದು ಕೊಳ್ಳುವವರಿಗೆ, ಇನ್ನೊಂದು ದಲಾಲಿಯ ಹತ್ತಿರ. ಚೀಲಗಳು ಬಂದು ಇಳಿದ ಮೇಲೆ ತಕರಾರು ಎದ್ದರೆ ದಲಾಲಿಯ ಪಾಕೀಟೇ ಕೋರ್ಟು. ತಕರಾರು ಇಲ್ಲದಿದ್ದರೆ ಅದು ನಮ್ಮ ಅಡುಗೆಮನೆಗೆ. ಹೀಗಾಗಿ ದಲಾಲಿ ಮನೆಯ ದೋಸೆಯಲ್ಲಿ ಯಾವಾಗಲೂ ನಾಲ್ಕಾರು ಗಿರಣಿಯ ಅಕ್ಕಿ ಕೂಡಿರುತ್ತದೆ. ಯಾವುದು ಮುಗಿದ ವ್ಯವಹಾರ, ಯಾವುದು ಮುಗಿಯದ್ದು ಎಂದು ತಿಳಿದು ಚೀಲ ಇಳಿಸಿಕೊಡುವವರು ನಮ್ಮವರೇ. ಈ ಸಲ ನಾನು ಕಾಯಲಿಲ್ಲ.

ಯಾಕೆಂದರೆ ಅಂದು ಬೆಳಿಗ್ಗೆಯೇ ಒಂದು ವಿಡಿಯೋ ನೋಡಿದ್ದೆ. ಗಾಜಿನ ಬರಣಿಗೆ ಕಾಳು ತುಂಬಿ, ಅದರಲ್ಲಿ ಪೆನ್ನು ಚುಚ್ಚಿ ನಿಲ್ಲಿಸುವುದು. ತಳದಲ್ಲಿ ಗಾಢ ಬಣ್ಣ, ಮೇಲೆ ಹೋದಂತೆ ತಿಳಿ. ಚೀಲದಲ್ಲಿ ಮೂರು ಪಾಕೀಟು ಸಿಕ್ಕವು. ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಮಲ್ಲಿಗೆ ಬಿಳುಪು, ಒಂದು ಸುಣ್ಣದ ಬಿಳುಪು, ಮತ್ತೊಂದು ಕೆನೆ ಬಣ್ಣ. ಕೆನೆಯದನ್ನು ತಳಕ್ಕೆ ಹಾಕಿ, ಮಟ್ಟ ಮಾಡಿ, ಉಳಿದವನ್ನು ಮೇಲೆ ಸುರಿದೆ. ಮಾಲುಗಳ ನಡುವಿನ ಗೆರೆ ವಕ್ರವಾದಾಗ ಚಮಚೆಯಿಂದ ತಿದ್ದಿದೆ. (ಇಂಥ ಉಪಯೋಗವಿಲ್ಲದ ಕೆಲಸಕ್ಕೆ ನನ್ನ ಕಣ್ಣು ಬಲು ಚುರುಕು.) ಖಾಲಿ ಚೀಲ ಒಗೆದು, ಇಸ್ತ್ರಿ ಮಾಡಿ, ಮಡಚಿ ಇಟ್ಟೆ. ಬರಣಿಯ ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದೆ. ಮೊದಲು ಹೆಬ್ಬೆರಳು ತೋರಿಸಿದವನು ನಮ್ಮಣ್ಣ.

ತನ್ನದೇ ಅಕ್ಕಿ ಅದು ಎಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕೆನೆ ಬಣ್ಣದ ಪಾಕೀಟಿನ ಮೇಲೆ ನಮ್ಮವರ ಅಕ್ಷರದಲ್ಲಿ ಮಾನ್ವಿ ಎಂದಿತ್ತು.

ನಾಲ್ಕಾರು ದಿನಗಳ ನಂತರ, ನಾನು ಹೊಸ ಟೇಬಲ್ಲಿಗೆ ಕೂತು ಏನೂ ಹೊಳೆಯದೆ ಪೆನ್ನುಗಳನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದಾಗ, ಅಮರಮ್ಮ ಬಂದರು.

ಅಮರಮ್ಮ ದೇವದುರ್ಗದ ಕಡೆಯವರು. ಕುರಿ ಸಾಕಿ ಮನೆ ನಡೆಸಿದ ಗಟ್ಟಿ ಹೆಂಗಸು. ಮಗಳ ಮದುವೆಗೆ ನಮ್ಮವರ ಮೂಲಕ ಅಣ್ಣನ ಗಿರಣಿಯ ಹಳೆಯ ಅಕ್ಕಿ ಕೊಂಡಿದ್ದರು. (ಅಕ್ಕಿ ಹಳೆಯದಾದಷ್ಟೂ ಅನ್ನ ಉದುರುದುರು, ಹೊಸದಾದರೆ ಅಂಟು.) ಮೊದಲನೇ ಬಸ್ಸಿಗೆ ಬಂದವರ ಒಂದು ಕೈಯಲ್ಲಿ ಅಕ್ಕಿಯ ಗಂಟು, ಇನ್ನೊಂದರಲ್ಲಿ ಟಿಫಿನ್ ಡಬ್ಬಿ. ನೀರು ಕುಡಿದು, ಡಬ್ಬಿಯ ಮುಚ್ಚಳ ತೆಗೆದು ನಮ್ಮವರ ಮುಂದಿಟ್ಟರು. ಒಳಗೆ ಅನ್ನವಿತ್ತು. ಅನ್ನ ಎನ್ನಬೇಕೋ ಅಂಟು ಎನ್ನಬೇಕೋ.

"ಹಂದರ ಹಾಕಿದ ದಿನ ಬೀಗರು ಬಂದಿದ್ರು. ಬಂದ ಚೀಲ ಬಿಚ್ಚಿ ಇದನ್ನ ಮಾಡಿ ಬಡಿಸಿದ್ವಿ. ಬೀಗತಿ ಏನಂದ್ಲು ಗೊತ್ತೇನ್ರಿ? ಅಕ್ಕಾರ, ಲಗ್ನದಾಗೂ ಮುದ್ದೀನೇ ಉಣಸ್ತೀರೇನು ಅಂದ್ಲು."

ನಮ್ಮವರು ಎದ್ದು ಬಾಗಿಲ ಹಿಂದೆ ಹೋದರು. ಮೊಳೆಯಲ್ಲಿ ಚೀಲ ಇರಲಿಲ್ಲ. ದಾರದ ಬುಟ್ಟಿಯಲ್ಲಿ ಮನಿಪ್ಲಾಂಟ್ ಇತ್ತು.

"ಶಶಿ, ಇಲ್ಲಿದ್ದ ಚೀಲ ಎಲ್ಲದ?"

ಒಗೆದಿಟ್ಟಿದ್ದೇನೆ ಎಂದೆ.

"ಅದರಾಗಿನ ಅಕ್ಕಿ?"

ನಾನು ಟೇಬಲ್ಲಿನ ಕಡೆ ನೋಡಿದೆ. ಅವರೂ ನೋಡಿದರು. ಅಮರಮ್ಮ ಎದ್ದೇ ಬಂದು ಬರಣಿಯ ಮುಂದೆ ಬಗ್ಗಿದರು.

"ಪೆನ್ನಿಗೆ ಅಕ್ಕಿ ಹಾಕ್ಯಾರ," ಎಂದು ತಮಗೆ ತಾವೇ ಹೇಳಿಕೊಂಡರು. "ನಮ್ಮ ಕಡಿ ಕೋಳಿಗೆ ಹಾಕ್ತೀವಿ."

ನಮ್ಮವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಮಾನ್ವಿಗೆ ಫೋನ್ ಹಚ್ಚಿ, ಬಿಸಿಲೇರುವ ಮೊದಲು ಬಾ ಎಂದಷ್ಟೇ ಹೇಳಿದರು. ಈ ದಂಧೆಯಲ್ಲಿ ದಲಾಲಿಗೆ ಇರುವುದು ಒಂದು ಮಾತು. ಆ ಮಾತಿಗೆ ಆಧಾರ ಒಂದು ಪಾಕೀಟು. ಅದನ್ನು ನಾನು ಅಲಂಕಾರ ಮಾಡಿ ಕೂರಿಸಿದ್ದೆ. ಅತ್ತ ಮದುವೆಗೆ ವಾರವೂ ಉಳಿದಿರಲಿಲ್ಲ.

ಅಣ್ಣ ಬಂದ. ಬಂದವನು ಕಡ್ಡಿ ಮುರಿದಂತೆ ಹೇಳಿದ: ತನ್ನ ಗಿರಣಿಯಿಂದ ಹೋದದ್ದು ಹಳೆಯ ಅಕ್ಕಿಯೇ, ನೀರು ಹೆಚ್ಚಾಗಿರಬೇಕು. ಅಮರಮ್ಮ ಸುಮ್ಮನಿರುವವರಲ್ಲ. ತಾನು ಅನ್ನ ಮಾಡಲು ಕಲಿತಾಗ ಅವನಿನ್ನೂ ತೊಟ್ಟಿಲಲ್ಲಿದ್ದ ಎಂದರು. ಹಾಗಾದರೆ ಪಾಕೀಟು ತೆಗೆಯಿರಿ, ನೋಡಿಬಿಡೋಣ ಎಂದ ಅಣ್ಣ. ನಮ್ಮವರು ಬರಣಿಯ ಕಡೆ ಕೈ ತೋರಿಸಿದರು.

ಅಣ್ಣ ನಕ್ಕ. ಆಮೇಲೆ ನಗು ನಿಲ್ಲಿಸಿದ. ಸ್ಯಾಂಪಲ್ಲೇ ಇಲ್ಲವೆಂದ ಮೇಲೆ ಇನ್ನು ಯಾರ ಮಾತು ಖರೆ ಎಂದು ಹೇಗೆ ಹೇಳುವುದು ಎಂದ.

ಆಗ ನಾನು ಬಾಯಿಬಿಟ್ಟೆ. "ಅಣ್ಣಾ, ನಿಂದು ತಳದಾಗ ಅದ."

"ಮೂರೂ ಕೂಡಿ ಹೋಗ್ಯಾವಲ್ಲ?"

ಆತ ನನ್ನ ಮುಖ ನೋಡಿದ. ನಾನೂ ನೋಡಿದೆ. ಹೂಂ, ಕೂಡಿವೆ ಎಂದುಬಿಟ್ಟರೆ ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ಅನುಮಾನ ಪಡುತ್ತಿರಲಿಲ್ಲ. ಫೋನ್ ನೋಡಿ ಪೆನ್ನಿಗೆ ಅಕ್ಕಿ ಹಾಕುವ ಹೆಂಗಸು ಮೂರನ್ನೂ ಕಲಸಿಯೇ ಇರುತ್ತಾಳೆ ಎಂದು ಎಲ್ಲರೂ ಸಂತೋಷದಿಂದ ನಂಬುತ್ತಿದ್ದರು. ನನ್ನ ದಡ್ಡತನಕ್ಕೆ ಅಷ್ಟು ಒಳ್ಳೆಯ ಹೆಸರಿದೆ.

"ಕೂಡಿಲ್ಲ," ಎಂದೆ. "ನಡುವ ಗೆರಿ ಅದ, ನೋಡು."

"ಬಿಡು ಶಶಿ, ಕೆದರಿದ್ರ ನಿನ್ನ ಡೆಕೋರೇಶನ್ ಕೆಡ್ತದ," ಎಂದ ಅಣ್ಣ, ಮೆತ್ತಗೆ.

ಬರಣಿಯನ್ನು ಗಂಜಿಗೆ ಒಯ್ದು ನಾಲ್ಕು ಜನರ ಮುಂದೆ ನೋಡೋಣ ಎಂದು ನಮ್ಮವರಿಗೆ ಮೊದಲು ಅನಿಸಿತಂತೆ. ಆದರೆ ನಮ್ಮ ಓಣಿಯ ರಸ್ತೆಯಲ್ಲಿ ಸ್ಕೂಟರಿನ ಮೇಲೆ ಹೋದರೆ ಮೂರೂ ಪದರ ಒಂದಾಗಿ ದೋಸೆಗೆ ತಯಾರಾಗುತ್ತಿತ್ತು. ಹಾಗಾಗಿ ಪಂಚಾಯಿತಿ ನನ್ನ ಟೇಬಲ್ಲಿನ ಮೇಲೇ ನಡೆಯಿತು. ನಾನು ಪೆನ್ನುಗಳನ್ನು ಒಂದೊಂದಾಗಿ ಕಿತ್ತೆ. ಚಮಚೆಯಿಂದ ಮೇಲಿನ ಪದರ ತೆಗೆದು ತಟ್ಟೆಗೆ, ನಡುವಿನದು ಇನ್ನೊಂದಕ್ಕೆ. ಮೂವರೂ ಬರಣಿಗೆ ಮುಖವಿಟ್ಟಿದ್ದರು. ನೆಲ ಅಗೆದು ಹಳೆಯ ಊರು ಹುಡುಕುವವರೂ ಇಷ್ಟು ಜೋಪಾನ ಮಾಡಲಿಕ್ಕಿಲ್ಲ. ಗೆರೆಯ ಹತ್ತಿರದ ಕಾಳುಗಳನ್ನು ನಾನೇ ಬಿಟ್ಟೆ. ಬುಡದ್ದನ್ನಷ್ಟೇ ತೆಗೆದುಕೊಂಡೆ.

ಒಲೆಯ ಮೇಲೆ ಎರಡು ಪಾತ್ರೆ. ಒಂದಕ್ಕೆ ಬರಣಿಯ ಅಕ್ಕಿ, ಇನ್ನೊಂದಕ್ಕೆ ಅಮರಮ್ಮನವರ ಗಂಟಿನದು. ಒಂದೇ ಅಳತೆ, ಒಂದೇ ನೀರು, ಒಂದೇ ಉರಿ. ನಾಲ್ವರೂ ಅಡುಗೆಮನೆಯಲ್ಲೇ ನಿಂತೆವು. ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಏನೆಂದು ಬೇಡಿಕೊಂಡೆ? ಎರಡೂ ಒಂದೇ ಥರ ಆಗಲಿ ಎಂದು. ಸುಳ್ಳು ಯಾಕೆ ಹೇಳಲಿ, ತವರಿನ ಅಕ್ಕಿ ಅದು.

ಎರಡೂ ಒಂದೇ ಥರ ಆಗಲಿಲ್ಲ. ಬರಣಿಯದು ತಟ್ಟೆಗೆ ಸುರಿದರೆ ಒಂದೊಂದೇ ಅಗಳು ಬಿಡಿಬಿಡಿಯಾಗಿ ಬಿತ್ತು. ಗಂಟಿನದು ಪಾತ್ರೆಯ ಆಕಾರದಲ್ಲೇ ಇಳಿಯಿತು.

ಅಣ್ಣ ಎರಡನ್ನೂ ಬೆರಳಲ್ಲಿ ಹಿಚುಕಿದ. ಅಂಗಳಕ್ಕೆ ಹೋಗಿ ಗಿರಣಿಗೆ ಫೋನ್ ಹಚ್ಚಿದ. ಕನ್ನಡದಲ್ಲಿ ಶುರುವಾದ ಮಾತು ಸಿಟ್ಟೇರಿದಂತೆ ತೆಲುಗಿಗೆ ಹೊರಳಿತು. ಒಳಗೆ ಬಂದಾಗ ಅವನ ದನಿ ಸಣ್ಣದಾಗಿತ್ತು.

"ಬಾಜೂ ಸಾಲಿನ ಚೀಲ ಎತ್ತಿ ಹಾಕ್ಯಾರ. ಹೊಸಾ ಅಕ್ಕಿ. ನಾನು ನೋಡ್ಲಿಲ್ಲ. ತಪ್ಪ ನಮ್ಮದು ಯವ್ವಾ, ನಾಳಿ ಮುಂಜಾನಿ ಹಳೇದು ನಿಮ್ಮ ಹಂದರದಾಗ ಇರ್ತದ."

ಅಮರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಹೋಗುವಾಗ ನನ್ನ ಗದ್ದ ಮುಟ್ಟಿ, ಮದುವೆಗೆ ಬಾರದಿದ್ದರೆ ತಾವೇ ಬಂದು ಎಳೆದೊಯ್ಯುವುದಾಗಿ ಹೇಳಿದರು. ಅಣ್ಣ ಮಾತ್ರ ಚಹಾ ಅರ್ಧಕ್ಕೆ ಬಿಟ್ಟು ಹೊರಟ. ನನ್ನ ಕಡೆ ನೋಡಲಿಲ್ಲ. ಆಮೇಲೆ ಫೋನೂ ಇಲ್ಲ. ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸುವವನು ಅದನ್ನೂ ನಿಲ್ಲಿಸಿದ. ಆ ಹೂವುಗಳಿಗೆ ನಾನು ಎಷ್ಟು ಗೊಣಗುತ್ತಿದ್ದೆ ಗೊತ್ತೇ? ಈಗ ಬೆಳಿಗ್ಗೆ ಎದ್ದ ತಕ್ಷಣ ಅವನ್ನೇ ಹುಡುಕುತ್ತಿದ್ದೆ. ಅಂದವಾದ ಟೇಬಲ್ಲಿಗೆ ಕೂತರೆ ಒಂದು ಸಾಲೂ ಬರುತ್ತಿರಲಿಲ್ಲ.

ಮೊನ್ನೆ ಭಾನುವಾರ ದೇವದುರ್ಗದಲ್ಲಿ ಮದುವೆ. ಹೋದೆವು. ಅಣ್ಣನೂ ಬಂದಿದ್ದ. ಕರೆಯದಿದ್ದರೂ ಬಂದಿದ್ದನೋ, ಅಮರಮ್ಮ ಕರೆದಿದ್ದರೋ, ಕೇಳುವ ಧೈರ್ಯ ನನಗಿರಲಿಲ್ಲ. ಊಟದ ಪಂಕ್ತಿಯಲ್ಲಿ ಅವನು ಹುಗ್ಗಿ ಮುಟ್ಟಲಿಲ್ಲ, ಪಲ್ಯ ಮುಟ್ಟಲಿಲ್ಲ. ಮೊದಲು ಬರೀ ಅನ್ನ ಬಾಯಿಗಿಟ್ಟು ನಿಧಾನ ಅಗಿದ. ಎದುರು ಸಾಲಿನಲ್ಲಿ ಕೂತಿದ್ದ ಬೀಗತಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದನ್ನು ನೋಡಿದ. ಆಮೇಲೆ ಸಾರು ಕೇಳಿದ.

ಕೈ ತೊಳೆಯುವಲ್ಲಿ ಪಕ್ಕಕ್ಕೆ ಬಂದು ನಿಂತ.

"ಅನ್ನ ಉದುರಾಗ್ಯದ," ಎಂದ.

ಹೂಂ ಎಂದೆ.

"ಅವತ್ತ ನೀ ಕೂಡ್ಯಾವ ಅಂತಿ ಅಂದ್ಕೊಂಡಿದ್ದೆ."

"ನಾನೂ ಹಂಗ ಅಂದ್ಕೊಂಡಿದ್ದೆ ಅಣ್ಣಾ."

ಪೆನ್ನು ನೆಟ್ಟಗೆ ನಿಲ್ಲಿಸುವುದು ಹೇಗೆ ಎಂದು ತೋರಿಸಲು ಫೋನಿನಲ್ಲಿ ಸಾವಿರ ಜನರಿದ್ದಾರೆ. ಒಡಹುಟ್ಟಿದವನ ಮುಖ ನೋಡುತ್ತಾ ಖರೆ ಹೇಳುವುದು ಹೇಗೆ ಎಂದು ತೋರಿಸಲು ಒಬ್ಬರಾದರೂ ಇದ್ದಾರೆಯೇ?