ಸೀಗೇಕಾಯಿ ಅನ್ನುವ ಮಾತನ್ನು ನಾನು ನುಂಗಿದ್ದು

ಮಕ್ಕಳಿಗೆ ಪಾಠ ಹೇಳುತ್ತಿದ್ದ ಒಬ್ಬ ಹೆಂಗಸನ್ನು ನಾನು ನಮ್ಮೂರಿನಿಂದ ಓಡಿಸಿದೆ. ಓಡಿಸಿದವರು ಯಜಮಾನರು ಅಂತ ಊರು ತಿಳಿದಿದೆ. ನಾನು ಓಡಿಸಿದ್ದು. ಎರಡೇ ಮಾತಿನಲ್ಲಿ.

ಓದಿದ್ದು ಮೂರನೇ ಕ್ಲಾಸು. ಅಕ್ಷರ ವಾಲಿದರೆ ವಾಲಲಿ.

ಆಯಮ್ಮ ಕೊರಿಯಾ ದೇಶದವಳು. ಜಗಳೂರಿನ ಆಚೆ, ಸೊಕ್ಕೆ ಕಡೆಯ ನಮ್ಮ ಹಳ್ಳಿಗೆ ಬಂದು ಮನೆ ಬಾಡಿಗೆ ಹಿಡಿದು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಊರಿನವರ ಬಾಯಲ್ಲಿ ಚೀನಾ ಮೇಡಮ್. ಯೇಸುವಿನ ಕೆಲಸಕ್ಕೇ ಬಂದವಳು, ಅದನ್ನು ಮುಚ್ಚಿಡಲಿಲ್ಲ — ಪಾಠ ಮುಗಿದ ಮೇಲೆ ಯೇಸುವಿನ ಹಾಡು ಹೇಳಿಸುತ್ತಿದ್ದಳು. ನಾನು ಅವಳ ಮನೆಯಲ್ಲಿ ಅಡುಗೆಗೆ, ಕಸ ಮುಸುರೆಗೆ ಇದ್ದೆ. ನನ್ನ ಮಗಳು ರೇಣುಕಾ ಅಲ್ಲೇ ಕಲಿಯುತ್ತಿದ್ದಳು.

ಶನಿವಾರ ಹೆಣ್ಣುಮಕ್ಕಳ ತಲೆ ತೊಳೆಯುತ್ತಿದ್ದಳು. ಹೇನು — ಒಂದೊಂದು ತಲೆಯಲ್ಲಿ ಸಂತೆ. ನೀರು ಹೊತ್ತವಳು ನಾನು, ಕಾಯಿಸಿದವಳು ನಾನು, ಸೀಗೇಕಾಯಿ ಕಲಸಿದವಳೂ ನಾನೇ. ತೊಳೆಯುವಾಗಲೂ ಪಾಠ. ಕಿವಿ ಹಿಡಿದು "ಇಯರ್", ಕೂದಲು ಹಿಡಿದು "ಹೇರ್". ಚೊಂಬು ಎತ್ತಿದರೆ "ಕ್ಲೋಸ್ ಯುವರ್ ಐಸ್" — ಸೀಗೇಕಾಯಿ ಕಣ್ಣಿಗೆ ಬಿದ್ದರೆ ಉರಿಯುತ್ತದಲ್ಲ, ಕಣ್ಣು ಮುಚ್ಚಿಕೊಳ್ಳಿ ಅಂತ. ನನಗೆ ಬರುವ ಇಂಗ್ಲಿಷ್ ಇವತ್ತಿಗೂ ಅಷ್ಟೇ.

ಒಂದು ಶನಿವಾರ ನಾಲ್ಕು ಜನ ಹೆಂಗಸರ ಎದುರಿಗೆ ರೇಣುಕಾನ ಜಡೆ ಬಿಚ್ಚಿ, "ಗಂಗಮ್ಮ, ನಿಮ್ಮ ಮಗಳು ತಲೆ ತುಂಬಾ ಹೇನು. ನೀವು ನೋಡೋದಿಲ್ಲವಾ?" ಅಂದಳು. ಇದ್ದದ್ದನ್ನೇ ಅಂದಳು. ಪಕ್ಕದ ಮನೆ ಹಾಲಮ್ಮ ನಕ್ಕಳು — "ಮೇಡಮ್ಮಿನ ಪಾತ್ರೆ ತಿಕ್ಕಾಕೇ ಟೈಮ್ ಸಾಲಲ್ಲ, ಮಗಳ ತಲೆ ಯಾವಾಗ ನೋಡ್ತಾಳೆ ಬಿಡ್ರಿ!"

ಆಮೇಲೆ ಮನೆಯಲ್ಲಿ ನಾನು ಬಾಚಣಿಗೆ ಹಿಡಿದರೆ ಮಗಳು ತಲೆ ಕೊಡವಿದಳು. "ನಿನ್ನ ಕೈ ಸಗಣಿ ನಾತ. ಮೇಡಮ್ಮೇ ಬಾಚಲಿ."

ಆ ಮಾತು — ಇರಲಿ. ಹೊಟ್ಟೆಯೊಳಗೇ ಕೊಳೆಯಿತು.

ಅದೇ ಹೊತ್ತಿಗೆ ಊರಲ್ಲಿ ಗುಸುಗುಸು ಎದ್ದಿತು, ಮಕ್ಕಳ ಜಾತಿ ಕೆಡಿಸುತ್ತಾಳೆ ಅಂತ. ಯಜಮಾನ ಸಿದ್ದಪ್ಪನವರು ಕಟ್ಟೆಯ ಮೇಲೆ ಕೂತು ತೀರ್ಮಾನ ಹೇಳಿದರು: "ಹಾಡು ಹೇಳಿಸ್ಲಿ, ಅದರಿಂದ ಯಾರೂ ಸಾಯಲ್ಲ. ತಲೆಗೆ ನೀರು ಹಾಕಿ ಕ್ರಿಶ್ಚಿಯನ್ ಮಾಡಿದ್ರೆ ಮಾತ್ರ ಈ ಊರಾಗೆ ಇರಂಗಿಲ್ಲ." ಮನೆಯೊಳಗಿನ ಸಂಗತಿ ಬಲ್ಲವಳು ಅಂತ ನನ್ನನ್ನು ಕರೆಸಿದರು.

"ಏನವ್ವಾ ಗಂಗಮ್ಮ, ಹುಡುಗರ ತಲೆಗೆ ನೀರು ಹಾಕ್ತಾಳೇನು?"

"ಹಾಕ್ತಾಳ್ರೀ."

"ಹಾಕುವಾಗ ಏನಾದ್ರೂ ಮಂತ್ರ?"

"ಕಣ್ಣು ಮುಚ್ಚಿಸ್ತಾಳ್ರೀ. ಇಂಗ್ಲಿಷಿನಾಗೆ ಏನೋ ಅಂತಾಳೆ."

ಅಷ್ಟೇ. ಅವರು ಯಾವ ನೀರಿನ ಮಾತು ಕೇಳುತ್ತಿದ್ದಾರೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಸೀಗೇಕಾಯಿ ಅನ್ನುವ ಒಂದು ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ಬೇಕಂತಲೇ.

ಮೂರನೇ ದಿನಕ್ಕೆ ಮನೆ ಖಾಲಿ ಮಾಡಿಸಿದರು. ನಾನು ಹಾಸಿಗೆ ಸುತ್ತುತ್ತಿದ್ದೆ. ಆಯಮ್ಮ ಹತ್ತಿರ ಬಂದು ಕೇಳಿದಳು: "ಗಂಗಮ್ಮ, ನೀವು ಯಾವ ನೀರು ಹೇಳಿದಿರಿ?"

ಪಾತ್ರೆ ತಿಕ್ಕುವವಳಿಗೂ ಅವಳು ನೀವು ಅಂತಲೇ ಅನ್ನುತ್ತಿದ್ದಳು. ನಾನು ಹಗ್ಗ ಬಿಗಿದೆ.

ಮನೆಗೆ ಬಂದರೆ ರೇಣುಕಾ — "ಸೀಗೇಕಾಯಿ ಅಂತ ಯಾಕೆ ಹೇಳ್ಲಿಲ್ಲವ್ವಾ?" ಬಾಯಿಗೆ ಹೊಡೆದೆ. ತುಟಿ ಒಡೆಯಿತು. ಇಂಗ್ಲಿಷೂ ಅಲ್ಲಿಗೇ ನಿಂತಿತು, ಆ ಪ್ರಶ್ನೆಯೂ. ಈಗ ಹೊನ್ನಾಳಿಯಲ್ಲಿ ಎರಡು ಮಕ್ಕಳ ತಾಯಿ. ಬಂದಾಗ ಉಂಡು ಹೋಗುತ್ತಾಳೆ, ಮತ್ತೆ ಕೇಳಿಲ್ಲ.

ಹೊಟ್ಟೆಕಿಚ್ಚು ಅನ್ನಿ, ಅವಮಾನ ಅನ್ನಿ, ಯಾವ ಹೆಸರಿಟ್ಟರೂ ಮಾಡಿದವಳು ನಾನು.

ಇಷ್ಟು ವರ್ಷ ಬಿಟ್ಟು ಈಗ ಬರೆಯುವುದಕ್ಕೆ ಕಾರಣ ಐತೆ. ಹೋದ ತಿಂಗಳು ಚನ್ನಗಿರಿ ಕಡೆಯ ಒಬ್ಬ ಕ್ರಿಶ್ಚಿಯನ್ ಹುಡುಗಿ ನಮ್ಮೂರಿಗೆ ನರ್ಸ್ ಕೆಲಸಕ್ಕೆ ಬಂದಳು. ನನ್ನ ಮೈದುನನ ಮಗ ಬಸವರಾಜನ ಖಾಲಿ ಮನೆ ಬಾಡಿಗೆಗೆ ಕೇಳಿದಳು. ಅವನು ಅಂದ: "ಬ್ಯಾಡಮ್ಮ. ಹಿಂದೆ ನಿಮ್ಮೋರೇ ಒಬ್ಬಾಕೆ ನಮ್ಮೂರ ಹುಡುಗರಿಗೆ ನೀರು ಹಾಕಿದ್ಲು. ಸುಳ್ಳಲ್ಲ, ನಮ್ಮ ದೊಡ್ಡವ್ವನೇ ಕಣ್ಣಾರೆ ನೋಡೈತೆ."

ದೊಡ್ಡವ್ವ ಅಂದರೆ ನಾನು. ಬಾಗಿಲಲ್ಲೇ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೆ. ಹುಡುಗಿ ನನ್ನ ಮುಖ ನೋಡಿದಳು. ನಾನು ಬೀಜ ತೆಗೆಯುತ್ತಲೇ ಇದ್ದೆ. ಎರಡನೇ ಸಲವೂ — ಬಾಯಿಬಿಡಲಿಲ್ಲ. ಅವಳೀಗ ದಿನಾ ಜಗಳೂರಿನಿಂದ ಬಸ್ಸಿಗೆ ಬಂದು ಹೋಗುತ್ತಾಳೆ.

ಬಸವರಾಜ, ಈ ಹಾಳೆ ನಿನ್ನ ಕೈಗೇ ಕೊಡುತ್ತೇನೆ. ಕಟ್ಟೆಯ ಹತ್ತಿರ ನಿಂತು ಓದು, ಎಲ್ಲರಿಗೂ ಕೇಳುವ ಹಾಗೆ. ನಾಚಿಕೆಯಾಗಿ ನಡುವೆ ನಿಲ್ಲಿಸಬೇಡ. ಮುದುಕಿ ಏನೋ ಬಡಬಡಿಸುತ್ತದೆ ಅಂತ ತೇಲಿಸಿಬಿಡಬೇಡ. ಹೆಸರು ಗಂಗಮ್ಮ ಅಂತಲೇ ಓದು. ನಾನು ಅಲ್ಲೇ, ಎಲ್ಲರ ಎದುರಿಗೆ ಕೂತಿರುತ್ತೇನೆ.